ಬೇಕಲ ಕೋಟೆಗೆ ಮಕ್ಕಳನ್ನು ಕರೆದೊಯ್ಯುವಾಗ

ಶಾಲೆಗೆ ರಜೆ ಬಂತೆಂದರೆ ಕಾಸರಗೋಡು ಕಡೆಯ ಮಕ್ಕಳ ಬಾಯಲ್ಲಿ ಒಂದೇ ಮಾತು, ಬೇಕಲಕ್ಕೆ ಹೋಗೋಣ ಎಂದು. ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮ, ಪಾಲಕುನ್ನು ಹಾದು ತೆಂಕಕ್ಕೆ ಸುಮಾರು 16 ಕಿಲೋಮೀಟರು ಹೋದರೆ ಕೋಟೆ ಸಿಗುತ್ತದೆ. ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಸಂಜೆಯೊಳಗೆ ಕೋಟೆಯನ್ನೂ ಕಡಲನ್ನೂ ನೋಡಿ ಬರಬಹುದು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಕೋಟೆಯೊಳಗೆ ಟಿಕೇಟೂ ಇಲ್ಲ.

ಈ ಕೋಟೆಯನ್ನು ಸುಮಾರು 1650ರಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಆಗ ಈ ಸೀಮೆ ಕೋಲತ್ತಿರಿ ಅರಸರ ರಾಜ್ಯದ ಬಡಗಣ ಅಂಚಾಗಿತ್ತು. ಕರಾವಳಿಯ ವ್ಯಾಪಾರವನ್ನು ಕೈಯಲ್ಲಿಟ್ಟುಕೊಳ್ಳಲು ನಾಯಕರು ಇಲ್ಲಿ ಸಾಲಾಗಿ ಕೋಟೆಗಳನ್ನು ಕಟ್ಟಿದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಬೇಕಲವೂ ಮೈಸೂರಿನ ವಶವಾಯಿತು. ಟಿಪ್ಪು ಸುಲ್ತಾನನಿಗೆ ಮಲಬಾರಿನ ದಂಡಯಾತ್ರೆಗಳಲ್ಲಿ ಇದು ಮುಖ್ಯ ಠಾಣ್ಯವಾಗಿತ್ತು. 1799ರಲ್ಲಿ ಅವನು ಮಡಿದ ಬಳಿಕ ಕಂಪೆನಿ ಸರಕಾರ ಬಂತು. ಕೆಲಕಾಲ ಬೇಕಲವೇ ತಾಲೂಕು ಕೇಂದ್ರವಾಗಿದ್ದು, ಮುಂದೆ ಆ ಸ್ಥಾನ ಕಾಸರಗೋಡಿಗೆ ಹೋಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಈ ಭಾಗ ಕೇರಳಕ್ಕೆ ಸೇರಿತು.

ಒಳಗೆ ಮಕ್ಕಳಿಗೆ ತೋರಿಸಬೇಕಾದ್ದು ಬಹಳವಿದೆ. ಕೋಟೆಯ ಹರವು ಸುಮಾರು 40 ಎಕರೆ. ಗೋಡೆಯೆಲ್ಲ ನಮ್ಮ ಮನೆಗಳಿಗೆ ಬಳಸುವ ಮುರಕಲ್ಲೇ. ಪ್ರವೇಶದ ದಾರಿ ನೇರವಾಗಿಲ್ಲ, ತಿರುವುಗಳಿವೆ. ಶತ್ರು ಒಮ್ಮೆಲೇ ಒಳನುಗ್ಗಬಾರದೆಂಬ ಉಪಾಯವದು. ಮೆಟ್ಟಿಲಿಳಿಯುವ ಕೊಳ, ಮದ್ದಿನ ಮನೆ, ತೆಂಕಣ ಕಡೆಗೆ ತೆರೆಯುವ ಸುರಂಗ, ಅಗಲವಾದ ಇಳಿಜಾರಿನಲ್ಲಿ ಏರಬಹುದಾದ ವೀಕ್ಷಣಾ ಕೊತ್ತಲ, ಇವನ್ನು ತಪ್ಪಿಸಬೇಡಿ. ಗೋಡೆಯ ಗುಂಡುಕಂಡಿಗಳಲ್ಲಿ ಮಕ್ಕಳು ಇಣುಕಿ ನೋಡಲಿ. ದೂರದ ಶತ್ರುವಿಗೆ ಒಂದು ಕಂಡಿ, ಹತ್ತಿರ ಬಂದವನಿಗೆ ಇನ್ನೊಂದು ಎಂಬುದು ಅವರಿಗೇ ತಿಳಿಯುತ್ತದೆ. ಬಾಗಿಲ ಬಳಿ ಆಂಜನೇಯನ ಗುಡಿಯಿದೆ, ಸಮೀಪದಲ್ಲೇ ಹಳೆಯ ಮಸೀದಿಯಿದೆ. ಮಧ್ಯಾಹ್ನದ ಬಿಸಿಲು ಕಠಿಣ, ಬೆಳಿಗ್ಗೆ ಹೋಗುವುದು ಲೇಸು. ಮಳೆಗಾಲದಲ್ಲಿ ಕಡಲ ಬದಿಯ ಬಂಡೆಗಳಿಗೆ ಮಕ್ಕಳನ್ನು ಬಿಡಬೇಡಿ.

1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಸಾರಿತು. 1995ರಲ್ಲಿ ತೆರೆಕಂಡ ಮಣಿರತ್ನಂ ಅವರ 'ಬಾಂಬೆ' ಚಿತ್ರದ ಹಾಡು ಕೋಟೆಯನ್ನು ದೇಶಕ್ಕೆಲ್ಲ ತೋರಿಸಿತು. ನಮ್ಮ ಮಕ್ಕಳಲ್ಲಿಯೂ ಹಲವರಿಗೆ ಹಾಡು ಗೊತ್ತು, ಕಟ್ಟಿಸಿದವನ ಹೆಸರು ಗೊತ್ತಿಲ್ಲ. ನನಗೆ ಬೇಸರವಾಗುವುದು ಇಲ್ಲಿಯೇ.

ಬೇಕಲದಿಂದ ಮತ್ತೂ ತೆಂಕಕ್ಕೆ ಹೋದರೆ ಕಾಞಂಗಾಡಿನಲ್ಲಿ ಇಕ್ಕೇರಿ ನಾಯಕರ ಇನ್ನೊಂದು ಕೋಟೆಯ ಅವಶೇಷವಿದೆ. ಅದಕ್ಕೆ ಕನ್ನಡದಲ್ಲಿ ಹೊಸದುರ್ಗ, ಮಲೆಯಾಳದಲ್ಲಿ ಪುದಿಯಕೋಟ್ಟ. ಎರಡರ ಅರ್ಥವೂ ಒಂದೇ, ಹೊಸ ಕೋಟೆ. ಎರಡೂ ಹೆಸರು ಇಂದಿಗೂ ಬಳಕೆಯಲ್ಲಿವೆ; ತಾಲೂಕಿನ ಹೆಸರು ಕನ್ನಡದ್ದೇ ಉಳಿದಿದೆ. ಅಂದು ಕೋಟೆಯ ಕಾವಲಿಗೆಂದು ಬಂದವರ ಸಂತತಿಯೆನಿಸಿದ ರಾಮಕ್ಷತ್ರಿಯ ಮನೆತನಗಳು, ಜನ ಕೋಟೆಯವರು ಎಂದು ಕರೆಯುವವರು, ಇಲ್ಲಿಯೇ ನೆಲೆನಿಂತಿದ್ದಾರೆ.

ಕೋಟೆ ಯಾರದೆಂದು ಜಗಳವಾಡಬೇಕಾಗಿಲ್ಲ. ಎರಡು ಭಾಷೆಯವರು ಕೂಡಿ ಬಾಳಿದ ನೆಲವಿದು. ಆದರೆ ಅದರಲ್ಲಿ ಕನ್ನಡದ ಪಾಲನ್ನು ನಾವು ಹೇಳದಿದ್ದರೆ ಬೇರೆ ಯಾರೂ ಹೇಳಲಾರರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲೆಯಾಳ ಎಂದು ಬೆಳೆಯುವ ಮಗುವಿಗೆ ಹೊಸದುರ್ಗ, ಪುದಿಯಕೋಟ್ಟ ಎಂಬ ಎರಡು ಮಾತನ್ನು ಜೊತೆಗಿಟ್ಟು ಹೇಳಿ. ತನ್ನ ಎರಡು ಭಾಷೆಯೂ ಈ ಊರಿನದ್ದೇ ಎಂದು ಅದು ತಾನೇ ಕಂಡುಕೊಳ್ಳುತ್ತದೆ. ಮುಂದಿನ ರಜೆಗೆ ಬೇಕಲಕ್ಕೆ ಹೊರಟಾಗ ಬುತ್ತಿಯ ಜೊತೆಗೆ ಇಷ್ಟು ಕಥೆಯನ್ನೂ ಕಟ್ಟಿಕೊಂಡು ಹೋಗಿರಿ.