ಮನೆಯ ಪಕ್ಕದ ಮೂರಡಿ ನೆಲ

ನಿಮ್ಮ ಮನೆಯ ಗೋಡೆಗೂ ಪಕ್ಕದ ಮನೆಯ ಗೋಡೆಗೂ ನಡುವೆ ಎಷ್ಟು ಜಾಗವಿದೆ? ಚಳ್ಳಕೆರೆಯ ಅಥವಾ ಮೊಳಕಾಲ್ಮುರಿನ ಹೊಸ ಬಡಾವಣೆಯಲ್ಲಿ ನೀವಿದ್ದರೆ ಅಲ್ಲೊಂದು ಕಿರಿದಾದ ಸಂದಿ ಇರಬಹುದು. ಮೂರು ಅಡಿ ಅಗಲ ಎಂದಿಟ್ಟುಕೊಳ್ಳೋಣ. ಒಡೆದ ಬಕೆಟ್ಟು, ಮಿಕ್ಕ ಇಟ್ಟಿಗೆ, ಹಳೆಯ ಸೈಕಲ್ಲು ಸೇರುವ ಜಾಗ ಅದು. ಕೊನೆಗೊಂದು ದಿನ ಅದರ ಮೇಲೆ ಸಿಮೆಂಟು ಬೀಳುತ್ತದೆ. ಈ ಸಂದಿ ಅಲ್ಲಿಗೆ ಬಂದದ್ದಾದರೂ ಹೇಗೆ? ಅದಕ್ಕೊಂದು ಚರಿತ್ರೆಯಿದೆ. ಅದು ತಿಳಿದರೆ, ಅಲ್ಲಿ ಏನನ್ನು ಬೆಳೆಸಬೇಕು ಎಂಬುದೂ ತಿಳಿಯುತ್ತದೆ.

ಸಂದಿಯೇ ಇಲ್ಲದ ಕಾಲ

ಈ ಸೀಮೆಯ ಹಳೆಯ ಊರುಗಳನ್ನು ಗಮನಿಸಿ. ಮಾಳಿಗೆ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಇಬ್ಬರು ಹಂಚಿಕೊಂಡ ಗೋಡೆಗೆ ಬಿಸಿಲು ತಾಗದು. ಆದ್ದರಿಂದ ಒಳಗೆ ತಂಪು. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಗಿಡಗಳಿಗೆ ಜಾಗ ಹಿತ್ತಲು; ಬಚ್ಚಲ ನೀರು ಹರಿದು ಹೋಗುತ್ತಿದ್ದುದೂ ಅಲ್ಲಿಗೇ. ಕಾಡುಗೊಲ್ಲರ ಹಟ್ಟಿಗಳಲ್ಲಂತೂ ಮನೆಮನೆಗೆ ಬೇಲಿಯಿರಲಿಲ್ಲ, ಇಡೀ ಹಟ್ಟಿಗೆ ಒಂದೇ ಮುಳ್ಳುಬೇಲಿ. ತಂಪು, ಬೆಳಕು, ಹಸಿರು ಎಂಬ ಮೂರು ಅಗತ್ಯಗಳನ್ನು ಮೂರು ಬೇರೆ ಬೇರೆ ಏರ್ಪಾಡುಗಳು ಪೂರೈಸುತ್ತಿದ್ದವು.

ಪ್ಲೇಗು ಕಲಿಸಿದ ಪಾಠ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ರೋಗಾಣುವನ್ನು ಅಲೆಕ್ಸಾಂಡರ್ ಯರ್ಸಿನ್ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಆದರೆ ಅದು ಹರಡುವ ಬಗೆ ಸ್ಪಷ್ಟವಾಗಿರಲಿಲ್ಲ. ಕತ್ತಲೆ, ತೇವ, ಕೆಟ್ಟ ಗಾಳಿಗಳೇ ರೋಗಕ್ಕೆ ಮೂಲವೆಂದು ಅನೇಕರು ನಂಬಿದ್ದರು. ಇಲಿಯ ಮೈಮೇಲಿನ ಚಿಗಟವೇ ವಾಹಕವೆಂದು ಪಾಲ್ ಲೂಯಿ ಸಿಮೋಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ಅದನ್ನು ಒಪ್ಪಲು ವಿಜ್ಞಾನ ಲೋಕಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು.

ಈ ನಡುವೆ ಊರು ಕಟ್ಟುವ ರೀತಿಯೇ ಬದಲಾಗತೊಡಗಿತ್ತು. ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರಗಳು ಪ್ಲೇಗಿನ ತರುವಾಯ ವೇಗವಾಗಿ ಬೆಳೆದವು. ಅಗಲವಾದ ರಸ್ತೆ, ಅಳತೆಯ ನಿವೇಶನ, ಮನೆಗಳ ಹಿಂದೆ ನೈರ್ಮಲ್ಯದ ಓಣಿ ಅಲ್ಲಿ ಬಂದವು. ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ ಬಿಡಬೇಕೆಂಬ ವಿಚಾರ ಮುಂದೆ ಕಟ್ಟಡ ನಿಯಮಗಳಲ್ಲಿ ಸೇರಿ ಸಣ್ಣ ಊರುಗಳನ್ನೂ ತಲುಪಿತು. ಕಾರಣವನ್ನು ಅರ್ಧ ತಪ್ಪಾಗಿ ತಿಳಿದಿದ್ದರೂ ಕಂಡುಕೊಂಡ ಪರಿಹಾರ ಒಳ್ಳೆಯದೇ ಆಗಿತ್ತು. ವಿಜ್ಞಾನದ ಇತಿಹಾಸದಲ್ಲಿ ಇದು ಅಪರೂಪವೇನಲ್ಲ.

ಆದರೆ ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಹಂಚಿಕೊಂಡ ಗೋಡೆ ಹೋಯಿತು, ಎರಡು ಗೋಡೆಗಳು ಬಿಸಿಲಿಗೆ ಒಡ್ಡಿಕೊಂಡವು. ನಿವೇಶನಗಳು ಚಿಕ್ಕದಾದಂತೆ ಹಿತ್ತಲೂ ಕರಗಿತು. ಮೊದಲು ಮೂವರು ಹೊರುತ್ತಿದ್ದ ಭಾರ ಈಗ ಮೂರಡಿ ಸಂದಿಯ ಮೇಲೆ ಬಿದ್ದಿದೆ.

ಸಂದಿಯನ್ನು ಕಸದ ಜಾಗವೆಂದು ಒಪ್ಪದಿದ್ದವರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್ (1854-1932) ಮುಖ್ಯರು. ಮೂಲತಃ ಜೀವವಿಜ್ಞಾನಿ, ಜಗದೀಶಚಂದ್ರ ಬೋಸರ ಜೀವನಚರಿತ್ರೆ ಬರೆದವರು. ಎಡಿನ್‌ಬರೊ ನಗರದ ಹಳೆಯ ಭಾಗದಲ್ಲಿ ಕಟ್ಟಡಗಳ ನಡುವಿನ ಪಾಳುಜಾಗಗಳನ್ನು ಅವರೂ ಅವರ ಸಂಗಡಿಗರೂ ಪುಟ್ಟ ತೋಟಗಳಾಗಿಸಿದರು. 1914ರಲ್ಲಿ ಭಾರತಕ್ಕೆ ಬಂದ ಅವರು ಇಲ್ಲಿನ ಅನೇಕ ನಗರಗಳನ್ನು ಅಧ್ಯಯನ ಮಾಡಿದರು. ಹಳೆಯ ಕೇರಿಗಳನ್ನು ಸಾರಾಸಗಟಾಗಿ ಕೆಡವಬಾರದು, ಅಗತ್ಯವಿದ್ದಷ್ಟನ್ನೇ ತೆರವು ಮಾಡಿ ಗಿಡ ನೆಡಬೇಕು ಎಂಬುದು ಅವರ ವಾದ.

ಬಿಸಿಲಿನ ಲೆಕ್ಕ

ಈಗ ನಿಮ್ಮ ಸಂದಿಗೆ ಬನ್ನಿ. ಚಳ್ಳಕೆರೆ, ಮೊಳಕಾಲ್ಮುರುಗಳು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ ಕೊನೆಯ ವಾರದ ನಡುಹಗಲಿನಲ್ಲಿ 10 ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ ಸುಮಾರು 8 ಅಡಿ ಚಾಚುತ್ತದೆ. ಎಂದರೆ ಮನೆಯ ಉತ್ತರದ ಮೂರಡಿ ಸಂದಿ ಆಗ ಪೂರ್ತಿ ನೆರಳು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ ಕೊನೆಯಲ್ಲಿ ನೆರಳು ದಕ್ಷಿಣಕ್ಕೆ ಒಂದೂವರೆ ಅಡಿಯಷ್ಟೆ. ಸಂದಿ ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದು ಎರಡೂ ಕಡೆ 10 ಅಡಿ ಗೋಡೆಯಿದ್ದರೆ, ನೆಲದ ಯಾವುದೇ ಬಿಂದುವಿಗೆ ನೇರ ಬಿಸಿಲು ದಿನಕ್ಕೆ ಸುಮಾರು ಒಂದು ಗಂಟೆ ಮಾತ್ರ.

ಆದ್ದರಿಂದ ನೆರಳು ಸಹಿಸುವ ಅರಿಶಿನ, ಶುಂಠಿ, ಒಂದೆಲಗ, ವೀಳ್ಯದೆಲೆಗಳು ಇಲ್ಲಿ ಸಲ್ಲುತ್ತವೆ. ಬಿಸಿಲು ತಾಗುವ ತುದಿಯಲ್ಲಿ ಕರಿಬೇವು, ದೊಡ್ಡಪತ್ರೆ ಇರಲಿ. ಪಶ್ಚಿಮದ ಗೋಡೆ ಬಿಸಿಲಿಗೆ ಕಾಯುತ್ತಿದ್ದರೆ ಗೋಡೆಯಿಂದ ಒಂದು ಗೇಣು ದೂರ ತಂತಿ ಕಟ್ಟಿ ತೊಂಡೆಯನ್ನೋ ಬಸಳೆಯನ್ನೋ ಹಬ್ಬಿಸಿ. ಎಲೆಗಳ ನೆರಳೂ ಬಾಷ್ಪವಿಸರ್ಜನೆಯೂ ಸೇರಿ ಗೋಡೆಗೆ ತಂಪು ಕೊಡುತ್ತವೆ. ಕಿಟಕಿಯನ್ನು ಮಾತ್ರ ಮುಚ್ಚಬೇಡಿ. ಮೊಳಕಾಲ್ಮುರಿನ ರೇಷ್ಮೆ ನೇಕಾರರಲ್ಲಿ ಅನೇಕರ ಮಗ್ಗ ಮನೆಯೊಳಗೇ ಇರುತ್ತದೆ. ಎಳೆ ಕಾಣಲು ಬೆಳಕು ಬರಬೇಕಾದದ್ದು ಆ ಕಿಟಕಿಯಿಂದಲೇ.

ನೀರು ಮತ್ತು ತಳಪಾಯ

ಇವು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿಗೆ ಸೇರುತ್ತವೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯೆಂದು ಇಟ್ಟುಕೊಂಡರೂ 1000 ಚದರಡಿ ಚಾವಣಿಯ ಮೇಲೆ ಸುಮಾರು 46,000 ಲೀಟರ್ ನೀರು ಬೀಳುತ್ತದೆ. ಸಿಮೆಂಟು ಬಳಿದ ಸಂದಿ ಅದನ್ನು ಚರಂಡಿಗೆ ಸಾಗಿಸುವ ಕಾಲುವೆಯಾಗುತ್ತದೆ. ಮಣ್ಣಿನ ಸಂದಿ ಒಂದಷ್ಟನ್ನು ಕುಡಿಯುತ್ತದೆ.

ಆದರೆ ಎಚ್ಚರ ಬೇಕು. ಎರೆಮಣ್ಣಿನ ಜೇಡಿ ನೆನೆದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ತಳಪಾಯದ ಬುಡದಲ್ಲಿ ಹೀಗಾದರೆ ಗೋಡೆಯೂ ಬಿರಿಯುತ್ತದೆ. ನೆಲದ ಇಳಿಜಾರು ಗೋಡೆಯಿಂದ ಹೊರಕ್ಕಿರಲಿ. ಚಾವಣಿಯ ನೀರನ್ನು ಕೊಳವೆಯಲ್ಲಿ ಸಂದಿಯಾಚೆಯ ತೊಟ್ಟಿಗೋ ಇಂಗುಗುಂಡಿಗೋ ಒಯ್ಯಿರಿ. ಸಾಬೂನಿನ ನೀರನ್ನು ನಿತ್ಯವೂ ಒಂದೇ ಕಡೆ ಸುರಿದರೆ ಅದರ ಸೋಡಿಯಂ ಜೇಡಿಮಣ್ಣನ್ನು ಗಟ್ಟಿಯಾಗಿಸುತ್ತದೆ. ಬೇವು, ಮಾವು, ನುಗ್ಗೆಗಳಿಗೆ ಇದು ತಕ್ಕ ಜಾಗವಲ್ಲ. ಬುಡದಲ್ಲಿ ಪೊದೆ ಬೆಳೆಯಲು ಬಿಡಬೇಡಿ, ಹಾವು ಚೇಳುಗಳು ಅಡಗಬಾರದು.

ಶಿಕ್ಷಕರು ಇದನ್ನೊಂದು ಚಟುವಟಿಕೆಯಾಗಿಸಬಹುದು. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಶಾಲೆಯ ಸಂದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಬಿಸಿಲಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಲಿ. ಮಾರ್ಚ್, ಜೂನ್, ಡಿಸೆಂಬರ್‌ಗಳ ಮೂರು ನಕ್ಷೆಗಳು ಸಿದ್ಧವಾದರೆ ಯಾವ ಗಿಡ ಎಲ್ಲಿಗೆ ಎಂಬುದಕ್ಕೆ ಉತ್ತರ ಅಲ್ಲೇ ಇರುತ್ತದೆ. ಸಿಮೆಂಟು ಹಾಕಿಸುವ ಮಾತು ಮನೆಯಲ್ಲಿ ಬಂದಾಗ ಆ ನಕ್ಷೆಗಳನ್ನು ಹಿರಿಯರ ಮುಂದಿಡಿ.