ಮೊಣಕಾಲ ಕೆಳಗೆ ನಾಲ್ಕು ಬೆರಳು

ವೈರಮುಡಿಯ ಉತ್ಸವಕ್ಕೆ ಮೇಲುಕೋಟೆಗೆ ಹೋದವರು ಈ ನೋಟವನ್ನು ಕಂಡೇ ಇರುತ್ತೀರಿ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಕಡೆಯಿಂದ ಬಂದ ಜನ ಯೋಗಾನರಸಿಂಹಸ್ವಾಮಿಯ ಬೆಟ್ಟ ಹತ್ತುತ್ತ, ನಡುವೆ ಒಂದು ಮೆಟ್ಟಿಲ ಮೇಲೆ ಉಸ್ಸೆಂದು ಕುಳಿತು ಕಾಲು ಚಾಚುತ್ತಾರೆ. ಯಾರೂ ಹೇಳಿಕೊಡದಿದ್ದರೂ ಕೈ ತಾನಾಗಿ ಮೊಣಕಾಲ ಕೆಳಗೆ ಹೋಗಿ ಒತ್ತತೊಡಗುತ್ತದೆ. ಹೀಗೆ ಒತ್ತುವ ಜಾಗಕ್ಕೆ ಎರಡು ಸಾವಿರ ವರ್ಷಗಳ ಚರಿತ್ರೆಯುಂಟೆಂದರೆ ತಮಗೆ ಸೋಜಿಗವೆನಿಸಬಹುದು.

ಚೀನೀ ವೈದ್ಯರು ಇದನ್ನು 'ತ್ಸು ಸಾನ್ ಲಿ' ಎಂದು ಕರೆದರು. 'ಕಾಲಿನ ಮೂರು ಲಿ' ಎಂದು ಅರ್ಥ. ಲಿ ಎಂಬುದು ಆ ದೇಶದಲ್ಲಿ ದಾರಿಯ ಅಳತೆ. ಈ ಸ್ಥಾನವನ್ನು ಒತ್ತಿಕೊಂಡರೆ ದಣಿದವನೂ ಇನ್ನು ಮೂರು ಲಿ ನಡೆದಾನು ಎಂಬ ವಿವರಣೆ ಜನರ ಬಾಯಲ್ಲಿದೆ. ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳಿನ ಅಗಲ ಕೆಳಗೆ, ಮುಂಗಾಲ ಮೂಳೆಯಿಂದ ಒಂದು ಬೆರಳು ಹೊರಕ್ಕೆ ಅದರ ನೆಲೆ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ರೂಪುಗೊಂಡ 'ಹಳದಿ ಚಕ್ರವರ್ತಿಯ' ವೈದ್ಯಗ್ರಂಥದಲ್ಲಿಯೇ ಹೊಟ್ಟೆಯ ಬೇನೆಗಳಿಗೆ ಈ ಸ್ಥಾನವನ್ನು ಹೇಳಿದೆ. ಜಪಾನಿನ ಕವಿ ಬಾಶೋ 1689ರಲ್ಲಿ ತನ್ನ ದೀರ್ಘ ಪಾದಯಾತ್ರೆಗೆ ಹೊರಡುವ ಮುನ್ನ ಇದೇ ಜಾಗಕ್ಕೆ ಕಾವು ಕೊಟ್ಟುಕೊಂಡನು. ಕಾವಿಗೆ ಉರಿಸುವ ಎಲೆ ನಮ್ಮ ಹೂಮಾಲೆಗಳಲ್ಲಿ ಕಟ್ಟುವ ಮಾಚಿಪತ್ರೆಯ ಜಾತಿಯದೇ.

ಹಾಗಾದರೆ ನಮ್ಮ ಶಾಸ್ತ್ರಗಳು ಏನನ್ನುತ್ತವೆ? ಸುಶ್ರುತಸಂಹಿತೆಯಲ್ಲಿ 107 ಮರ್ಮಗಳ ಎಣಿಕೆಯಿದೆ. ಹಿಮ್ಮಡಿಯ ನೇರಕ್ಕೆ, ಮೀನಖಂಡದ ನಡುವೆ ಇರುವುದು 'ಇಂದ್ರಬಸ್ತಿ'. ಅಲ್ಲಿ ಗಾಯವಾದರೆ ರಕ್ತಸ್ರಾವದಿಂದ ಪ್ರಾಣಾಪಾಯವೆಂದು ಆಚಾರ್ಯನ ಎಚ್ಚರಿಕೆ. ಇನ್ನೊಂದು ಅಧ್ಯಾಯದಲ್ಲಿ ರಕ್ತನಾಳ ಬಿಡಿಸಿ ನೆತ್ತರು ತೆಗೆಯುವ ಚಿಕಿತ್ಸೆಯಿದೆ. ಸೊಂಟದಿಂದ ಕಾಲಿನುದ್ದಕ್ಕೂ ಹಿಡಿಯುವ ಗೃಧ್ರಸೀ ವಾತಕ್ಕೆ ಮೊಣಕಾಲ ಸಂಧಿಯ ಮೇಲೋ ಕೆಳಗೋ ನಾಲ್ಕು ಅಂಗುಲದಲ್ಲಿ ನಾಳವನ್ನು ತೆರೆಯಬೇಕಂತೆ.

ಅಲ್ಲಿಯೂ ನಾಲ್ಕು ಬೆರಳು, ಇಲ್ಲಿಯೂ ನಾಲ್ಕು ಅಂಗುಲ! ಇಷ್ಟು ಕಂಡದ್ದೇ ತಡ, ಸೂಜಿಚಿಕಿತ್ಸೆ ಇಲ್ಲಿಂದಲೇ ಚೀನಕ್ಕೆ ಹೋಯಿತೆಂದು ಹೇಳಿಬಿಡುವವರಿದ್ದಾರೆ. ಅಭಿಮಾನ ತಪ್ಪಲ್ಲ; ಆದರೆ ಅವಸರ ಸಲ್ಲದು. ಬೆರಳಿನಿಂದ ಅಳೆಯುವುದು ಎಲ್ಲ ನಾಡಿನ ವೈದ್ಯರಿಗೂ ಸಹಜ. ಚೀನೀಯನು ಸೂಜಿ ಇಟ್ಟದ್ದು 'ಛೀ' ಎಂಬ ಪ್ರಾಣಶಕ್ತಿಯ ಹರಿವನ್ನು ಸರಿಪಡಿಸಲು. ಸುಶ್ರುತನು ಶಸ್ತ್ರ ಹಿಡಿದದ್ದು ಕೆಟ್ಟ ರಕ್ತವನ್ನು ಹೊರಗೆಡಹಲು. ಮರ್ಮವನ್ನಂತೂ ಶಸ್ತ್ರವು ತಾಗದಂತೆ ಕಾಪಾಡಬೇಕೆಂದನು. ಅಳತೆ ಒಂದಾದ ಮಾತ್ರಕ್ಕೆ ಆಲೋಚನೆ ಒಂದಾಗದು.

ಶ್ರೀರಂಗಪಟ್ಟಣದಲ್ಲಿ ಪೆಟ್ಟುಬಿದ್ದ ಕೈಕಾಲುಗಳನ್ನು ಬಲ್ಲವರೆಂದರೆ ಜಟ್ಟಿಗಳು. ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಅವರ ಕಾಳಗದ ವರ್ಣನೆಯನ್ನು ಬರೆದಿಟ್ಟಿದ್ದಾನೆ. ಕಾದಾಡುವ ಈ ಜನವೇ ಕೀಲು ಕೂಡಿಸುವುದರಲ್ಲಿಯೂ ಹೆಸರಾದವರು.

ಸೂಜಿಚಿಕಿತ್ಸೆ ನಮ್ಮ ದೇಶಕ್ಕೆ ಬಂದುದು ಈಚೆಗೆ. 1938ರಲ್ಲಿ ಭಾರತದಿಂದ ಐವರು ವೈದ್ಯರು ಯುದ್ಧಪೀಡಿತ ಚೀನಕ್ಕೆ ತೆರಳಿದರು. ಕನ್ನಡಿಗರೂ ಬಹಳವಾಗಿ ನೆಲಸಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರು ಅವರಲ್ಲೊಬ್ಬರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಂಗಡಿಗ ಡಾ. ಬಿಜಯ್ ಕುಮಾರ್ ಬಸು ಅವರು ಮತ್ತೆ ಚೀನಕ್ಕೆ ಹೋಗಿ ವಿದ್ಯೆ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಸೂಜಿಚಿಕಿತ್ಸೆಯನ್ನು ಆರಂಭಿಸಿದರು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೆಕಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಗೆ ಒಳಗಾದರು. ಆಮೇಲೆ ಹೊಟ್ಟೆ ಉಬ್ಬರಿಸಿದಾಗ ಅವರ ಮೊಣಕೈಗೂ ಮೊಣಕಾಲುಗಳ ಕೆಳಗೂ ಸೂಜಿ ಚುಚ್ಚಿದರು. ಅವರು ಬರೆದ ಲೇಖನದಿಂದ ಪಶ್ಚಿಮದಲ್ಲಿ ಕುತೂಹಲ ಕೆರಳಿತು.

ವಿಜ್ಞಾನವೂ ಸುಮ್ಮನೆ ಕುಳಿತಿಲ್ಲ. ಇಲಿಗಳ ಹಿಂಗಾಲಿನ ಈ ಸ್ಥಾನಕ್ಕೆ ಮಂದವಾದ ವಿದ್ಯುತ್ತು ಹರಿಸಿದಾಗ, ನರದ ಒಂದು ಮಾರ್ಗವಾಗಿ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿ ಉರಿಯೂತ ತಗ್ಗಿತೆಂದು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಟ್ಟೆಯ ಮೇಲಿನ ಸ್ಥಾನದಲ್ಲಿ ಅಷ್ಟೇ ವಿದ್ಯುತ್ತಿಗೆ ಈ ಫಲ ಸಿಗಲಿಲ್ಲ. ಆದರೆ ಇಲಿಯಲ್ಲಿ ಕಂಡದ್ದನ್ನೇ ಮನುಷ್ಯನ ರೋಗಕ್ಕೆ ಸಿದ್ಧೌಷಧವೆಂದು ಭಾವಿಸಬಾರದು.

ಆದ್ದರಿಂದ, ಗದ್ದೆಯಿಂದಲೋ ಬೆಟ್ಟದಿಂದಲೋ ಬಂದು ದಣಿದ ಕಾಲನ್ನು ಸಂಜೆ ಒತ್ತಿಕೊಳ್ಳಿರಿ, ಅಡ್ಡಿಯಿಲ್ಲ. ಆದರೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒತ್ತಲೂ ಬೇಡಿ, ತಿಕ್ಕಲೂ ಬೇಡಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಮೀನಖಂಡದ ವಿಷಯದಲ್ಲಿ ಎಚ್ಚರವಾಗಿರಿ ಎಂದ ಸುಶ್ರುತನ ಮಾತನ್ನು ಇಂದು ನಾವು ಪಾಲಿಸಬೇಕಾದ ಬಗೆ ಇದೇ.