ಚಂದ್ರಯಾನದ ಶೂಟಿಂಗ್ ಚಳ್ಳಕೆರೆಯಲ್ಲಿ ನಡೆಯಿತೇ? ಕುಳಿ ನಿಜ, ಕಥೆ ಸುಳ್ಳು

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿದ್ದು ನಿಜ. ‘ಹಾಗಾದರೆ ವಿಕ್ರಮ್ ಇಳಿದದ್ದೂ ಅಲ್ಲೇ, ಎಲ್ಲಾ ಸಿನಿಮಾ’ ಎಂಬ ಮೆಸೇಜು ನಿಮಗೂ ಬಂದಿರಬಹುದು. ಅದು ಸುಳ್ಳು. ಆದರೆ ಅರ್ಧ ನಿಜ ಬೆರೆತ ಸುಳ್ಳಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಕುಳಿ ಏಕೆ ಬೇಕಿತ್ತು? ಚಂದ್ರನಿಗೆ ಸಂಕೇತ ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡು ಬೇಕು. ಕೊನೆಯ ಕ್ಷಣದಲ್ಲಿ ಗುಂಡಿ ಕಂಡರೆ ಬೆಂಗಳೂರಿನಲ್ಲಿ ಕೂತವರು ಸ್ಟೇರಿಂಗ್ ತಿರುಗಿಸಲಾಗದು. ಲ್ಯಾಂಡರ್ ತಾನೇ ನೋಡಿ ಸಮತಟ್ಟಾದ ಜಾಗ ಆರಿಸಬೇಕು. ಅದರ ಕಣ್ಣು, ಅಂದರೆ ಸೆನ್ಸರ್‌ಗಳನ್ನು ಪರೀಕ್ಷಿಸಲು ಚಂದ್ರಯಾನ-2ರ ಸಮಯದಲ್ಲೇ ಇಲ್ಲಿ ಕುಳಿ ತೋಡಿ, ಅವುಗಳ ಮೇಲೆ ವಿಮಾನ ಹಾರಿಸಿದರು. ಹಾರಿದ್ದು ಸೆನ್ಸರ್ ಹೊತ್ತ ವಿಮಾನ, ಲ್ಯಾಂಡರ್ ಅಲ್ಲ.

ಲ್ಯಾಂಡರ್ ಇಲ್ಲಿ ಇಳಿಯಲು ಸಾಧ್ಯವೂ ಇರಲಿಲ್ಲ. ಚಂದ್ರಯಾನ-3ರ ವಿಕ್ರಮ್‌ಗೆ ಇದ್ದದ್ದು ತಲಾ 800 ನ್ಯೂಟನ್ ಬಲದ ನಾಲ್ಕು ಎಂಜಿನ್. ಒಟ್ಟು 3,200 ನ್ಯೂಟನ್. ಭೂಮಿಯ ಮೇಲೆ ಈ ಬಲ ಸುಮಾರು 325 ಕೆ.ಜಿ.ಯನ್ನಷ್ಟೇ ಎತ್ತಿ ಹಿಡಿಯುತ್ತದೆ; ಚಂದ್ರನ ಮೇಲೆ ಗುರುತ್ವ ಆರನೇ ಒಂದು ಭಾಗವಾದ್ದರಿಂದ ಹತ್ತಿರ ಹತ್ತಿರ 2,000 ಕೆ.ಜಿ. ಹೊರಡುವಾಗ ಲ್ಯಾಂಡರ್ 1,700 ಕೆ.ಜಿ.ಗೂ ಹೆಚ್ಚಿತ್ತು. ಇಂಧನವೆಲ್ಲ ಉರಿದರೂ ಅದು 325ಕ್ಕೆ ಇಳಿಯದು. ಉಳ್ಳಾರ್ತಿಯಲ್ಲಿ ಬಿಟ್ಟಿದ್ದರೆ ಕಲ್ಲಿನಂತೆ ಬೀಳುತ್ತಿತ್ತು, ಅಷ್ಟೇ.

ಹಾಗಾದರೆ ಈ ‘ಶೂಟಿಂಗ್’ ಕಥೆ ಎಲ್ಲಿಂದ ಬಂತು? ಬಹುಪಾಲು ಸಿನಿಮಾದಿಂದಲೇ. ಆರ್ಥರ್ ಸಿ. ಕ್ಲಾರ್ಕ್ ಜೊತೆ ಚಿತ್ರಕಥೆ ಬರೆದು ಸ್ಟ್ಯಾನ್ಲಿ ಕ್ಯೂಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ ತೆಗೆದದ್ದು 1968ರಲ್ಲಿ. ಮರುವರ್ಷ ಅಪೊಲೊ-11 ಇಳಿಯಿತು. ಅಷ್ಟು ಚೆನ್ನಾಗಿ ಬಾಹ್ಯಾಕಾಶ ತೋರಿಸಿದವನೇ ಇದನ್ನೂ ತೆಗೆದಿರಬೇಕು ಎಂಬ ಗುಮಾನಿ ಆಮೇಲೆ ಹುಟ್ಟಿತು. 1976ರಲ್ಲಿ ಬಿಲ್ ಕೇಸಿಂಗ್ ಎಂಬಾತ, ಮನುಷ್ಯ ಚಂದ್ರನಿಗೆ ಹೋಗೇ ಇಲ್ಲವೆಂದು ಪುಸ್ತಕ ಮಾಡಿದ. 1978ರಲ್ಲಿ ಪೀಟರ್ ಹೈಮ್ಸ್‌ನ ‘ಕ್ಯಾಪ್ರಿಕಾರ್ನ್ ಒನ್’ ಬಂತು. ಅದರಲ್ಲಿ ನಾಸಾ ಮಂಗಳಯಾನವನ್ನೇ ಸ್ಟುಡಿಯೋದಲ್ಲಿ ನಟಿಸುತ್ತದೆ.

ಎಲ್ಲಕ್ಕಿಂತ ತಮಾಷೆ 2002ರ ಫ್ರೆಂಚ್ ಚಿತ್ರದ್ದು. ವಿಲಿಯಂ ಕರೆಲ್ ಅದನ್ನು ಅಣಕು ಸಾಕ್ಷ್ಯಚಿತ್ರವೆಂದೇ ಮಾಡಿದ. ಕ್ಯೂಬ್ರಿಕ್‌ನ ಪತ್ನಿಯೂ ಅದರಲ್ಲಿ ಕಾಣಿಸಿಕೊಂಡಿದ್ದಾರೆ. ಕೊನೆಯಲ್ಲಿ ಮಾತು ತಪ್ಪಿ ನಗುವ ದೃಶ್ಯಗಳನ್ನೂ ಸೇರಿಸಿ ಗುಟ್ಟು ಬಿಟ್ಟುಕೊಟ್ಟ. ತುಣುಕು ಮಾತ್ರ ನೋಡಿದವರಿಗೆ ಆ ಕೊನೆ ಸಿಗುವುದೇ ಇಲ್ಲ.

ನಮ್ಮಲ್ಲೂ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಾದಂಬರಿಗಳನ್ನು ಬರೆದರು, 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬೋ ಆದರು. ಯಾರೂ ಅದನ್ನು ಸುದ್ದಿ ಎಂದುಕೊಳ್ಳಲಿಲ್ಲ; ಮೇಲೆ ಕಾದಂಬರಿ, ಸಿನಿಮಾ ಎಂದು ಬರೆದಿತ್ತು. ಫಾರ್ವರ್ಡ್ ಆಗುವಾಗ ಕಳಚಿಬೀಳುವುದು ಆ ಹಣೆಪಟ್ಟಿಯೇ. 2019ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಗುಂಡಿಬಿದ್ದ ರಸ್ತೆಯಲ್ಲಿ ‘ಗಗನಯಾತ್ರಿ’ಯನ್ನು ನಡೆಸಿದ ವಿಡಿಯೋ ನೆನಪಿದೆಯೇ? ಪಕ್ಕದಲ್ಲಿ ಆಟೋ ಹಾದುಹೋಗುವವರೆಗೂ ಅದು ಚಂದ್ರನೇ!

ಇನ್ನೊಂದು ಮಾತು. ಚಳ್ಳಕೆರೆ ಸೀಮೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ದನ, ಕುರಿ ಮೇಯುತ್ತಿದ್ದ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಹಸಿರು ನ್ಯಾಯಮಂಡಳಿವರೆಗೂ ಹೋದ ತಕರಾರು ಅದು. ಕಂಬಳಿಗೆ ಹೆಸರಾದ ಊರಿನಲ್ಲಿ ಕುರಿ ಎಲ್ಲಿ ಮೇಯಬೇಕು ಎಂಬುದು ಸುಳ್ಳು ಶೂಟಿಂಗ್‌ಗಿಂತ ದೊಡ್ಡ ವಿಷಯವೆಂದು ನಮಗನಿಸುತ್ತದೆ.

ಅನುಮಾನ ಇನ್ನೂ ಇದ್ದರೆ ಚಿತ್ರಗಳೇ ಇವೆ. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್‌ನ ಫೋಟೋವನ್ನು ಚಂದ್ರಯಾನ-2ರ ಕಕ್ಷೆಗಾಮಿ ಮೇಲಿನಿಂದ ತೆಗೆದಿದೆ. ನಾಲ್ಕು ದಿನಗಳ ನಂತರ ನಾಸಾದ ಎಲ್‌ಆರ್‌ಒ ನೌಕೆಯೂ ತೆಗೆದಿದೆ. ಆ ಮೆಸೇಜು ಕಳಿಸಿದವರಿಗೆ ಇವನ್ನೇ ವಾಪಸ್ ಕಳಿಸಿ.